ಪೂರ್ತಿ ಹೋಗಬೇಡಿ ಮಾರಾಯ್ರೆ!

ನಾನು ಕರಾವಳಿ ಕಡೆಯವನು ಅಂತ ಗೊತ್ತಾದ ಮೇಲೆ ಬೆಂಗಳೂರಿನ ನಮ್ಮ ಆಫೀಸಿನಲ್ಲಿ ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ಬರುತ್ತದೆ. "ಶನಿವಾರ ಭಾನುವಾರ ಫ್ರೀ ಇದೀವಿ, ಮಂಗಳೂರಿಂದ ಕಾರವಾರದವರೆಗೂ ಸಮುದ್ರದ ಪಕ್ಕದಲ್ಲೇ ಡ್ರೈವ್ ಮಾಡ್ಬೇಕು, ಹೇಗೆ?" ನನ್ನದು ಯಾವಾಗಲೂ ಒಂದೇ ಉತ್ತರ. ಪೂರ್ತಿ ಹೋಗಬೇಡಿ, ಒಂದು ತುಂಡು ಆರಿಸಿಕೊಳ್ಳಿ.

ಯಾಕೆಂದರೆ ಈ ರಸ್ತೆಯಲ್ಲಿ ಸಮುದ್ರ ಕಾಣುವುದೇ ಕಡಿಮೆ! ನಾವು ಚಿಕ್ಕಂದಿನಲ್ಲಿ ಎನ್.ಎಚ್. 17 ಅನ್ನುತ್ತಿದ್ದದ್ದು 2010ರ ನಂತರ 66 ಆಯಿತು. ತಲಪಾಡಿಯಿಂದ ಗೋವಾ ಗಡಿಯ ಮಾಜಾಳಿಯವರೆಗೆ ಸುಮಾರು 280 ಕಿ.ಮೀ. ಅದರಲ್ಲಿ ಹೆಚ್ಚಿನ ಹೊತ್ತು ನಿಮಗೆ ಕಾಣುವುದು ಫ್ಲೈಓವರು, ಸರ್ವಿಸ್ ರೋಡು, ಟೋಲ್ ಗೇಟು. ನೀಲಿ ಬಣ್ಣ ನೋಡಬೇಕಾದರೆ ಮೊಬೈಲಿನ ಮ್ಯಾಪೇ ಗತಿ :-)

ಮರವಂತೆ ಇದೆಯಲ್ಲ ಅಂತೀರಿ. ಇದೆ, ಮತ್ತು ಅದು ನಿಜಕ್ಕೂ ವಿಚಿತ್ರ ಜಾಗ. ಸೌಪರ್ಣಿಕೆ ಕಡಲಿನ ಹತ್ತಿರದವರೆಗೂ ಬಂದು, ಇನ್ನೇನು ರಸ್ತೆಯಷ್ಟೇ ಅಂತರ ಉಳಿದಾಗ ಮನಸ್ಸು ಬದಲಿಸಿದವಳಂತೆ ತಿರುಗಿ, ಗಂಗೊಳ್ಳಿಗೆ ಹೋಗಿ ಸಮುದ್ರ ಸೇರುತ್ತಾಳೆ. ಆದರೆ ಜನ ಅಲ್ಲಿ ಏನು ಮಾಡುತ್ತಾರೆ? ಕಾರು ನಿಲ್ಲಿಸಿ ಎರಡು ಫೋಟೋ, ಮತ್ತೆ ಗೇರು.... ನೋಡಿದ ಹಾಗಾಯಿತು, ಅಷ್ಟೇ.

ನನ್ನ ಓಟು ಹೊನ್ನಾವರ, ಕುಮಟಾ, ಗೋಕರ್ಣಕ್ಕೆ. ಹೆಚ್ಚೆಂದರೆ ಐವತ್ತು ಕಿ.ಮೀ. ಆಸುಪಾಸು. (ಅಪ್ಪ ಅಮ್ಮ ಜೊತೆಗಿದ್ದರೆ ಮೊದಲು ಮುರುಡೇಶ್ವರ ಮುಗಿಸಿಕೊಳ್ಳಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಕೇಳಬೇಕಾಗುತ್ತದೆ.) ಇಲ್ಲಿ ನೋಡಬೇಕಾದದ್ದು ಕಡಲಿಗಿಂತ ಹೆಚ್ಚಾಗಿ ನದಿ ಕಡಲು ಸೇರುವ ಜಾಗಗಳನ್ನು. ಹೊನ್ನಾವರದಲ್ಲಿ ಶರಾವತಿ ಎಷ್ಟು ಅಗಲ ಅಂದರೆ, ಕೊಂಕಣ ರೈಲ್ವೆಗೆ ಅದನ್ನು ದಾಟಲು ಎರಡು ಕಿ.ಮೀ.ಗಿಂತ ಉದ್ದದ ಸೇತುವೆ ಬೇಕಾಯಿತು. ಕುಮಟಾ ಮುಟ್ಟಿದ ಮೇಲೆ ಹೆದ್ದಾರಿ ಬಿಟ್ಟು ಅಘನಾಶಿನಿ ಊರಿಗೆ ಹೋಗಿ. ಅಲ್ಲಿಂದ ಆಚೆ ದಡದ ತದಡಿಗೆ ದೋಣಿ ಇದೆ. ಕಾರು ಬಿಡಲಾರದವರು ಮಿರ್ಜಾನ್ ಕೋಟೆ ನೋಡಿಕೊಂಡು ಮಾದನಗೇರಿಯಲ್ಲಿ ತಿರುಗಿ ಗೋಕರ್ಣದ ಕಡೆ ಬರಬಹುದು. ಹಾಗೆ ಬಂದರೆ ಸಾಣಿಕಟ್ಟಾದ ಉಪ್ಪಿನಾಗರಗಳು ಸಿಗುತ್ತವೆ, ಬೇಸಿಗೆಯಾದರೆ ಉಪ್ಪಿನ ರಾಶಿಗಳೂ. ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿಯೇ ಅಳಿವೆಯಲ್ಲಿ ಬಳಚು, ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಇನ್ನೂ ಉಳಿದಿವೆ. 2024ರಲ್ಲಿ ಇದು ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ಐಟಿ ಗುಂಪುಗಳು ಮಾತ್ರ ಇದರ ಪಕ್ಕದಲ್ಲೇ ಹಾದು ಓಂ ಬೀಚಿಗೆ ಓಡುತ್ತವೆ.

ಇನ್ನೊಂದು ಮಾತು, ಇದು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. "ಮಳೆಗಾಲದಲ್ಲಿ ಹೋದ್ರೆ ಸೂಪರ್ ಆಗಿರತ್ತೆ" ಅನ್ನುವವರ ಮಾತು ಕೇಳಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ (ಬೈಂದೂರಿನ ಶಿರೂರು ಬೇರೆ) ಗುಡ್ಡ ಇದೇ ಹೆದ್ದಾರಿಯ ಮೇಲೆ ಜಾರಿತು. ಹೋದದ್ದು ರಸ್ತೆ ಬದಿಯ ಚಹಾದ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ವಾಹನಗಳು. ಗಂಗಾವಳಿಗೆ ಬಿದ್ದ ಲಾರಿಯೊಂದು ಸಿಗುವಾಗ ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು. ಗುಡ್ಡದ ಬುಡದಲ್ಲಿ ನಿಲ್ಲಿಸಿ ಬಿಸಿ ಚಹಾ ಕುಡಿಯುವುದು ಈ ರಸ್ತೆಯ ಅರ್ಧ ಸುಖ ಅಂತ ನಾವೇ ಹೇಳಿಕೊಂಡು ತಿರುಗಿದವರಲ್ಲವೇ? ಅವರೂ ಅದಕ್ಕೇ ನಿಂತವರು. ಅಗಲ ಮಾಡಲು ಕಡಿದು ನಿಲ್ಲಿಸಿದ ಗುಡ್ಡಗಳು ಶಿರೂರಿನಲ್ಲಿ ಮಾತ್ರ ಇಲ್ಲ, ನಾನು ಹೇಳಿದ ತುಂಡಿನಲ್ಲೂ ಇವೆ.

ನವೆಂಬರ್ ಕಳೆದ ಮೇಲೆ ಹೊರಡಿ. ಹೋಟೆಲ್ ಬುಕ್ ಮಾಡುವ ಮೊದಲು ಇಳಿತ ಎಷ್ಟು ಹೊತ್ತಿಗೆ ಅಂತ ನೋಡಿಕೊಳ್ಳಿ. ನೀರು ಇಳಿದಾಗ ಅಳಿವೆಯ ನಡುವೆ ಬಳಚು ಹೆಕ್ಕುವವರು ಇಳಿದಿರುತ್ತಾರೆ, ಭರತ ಬಂದ ಮೇಲೆ ಹೋದರೆ ಬರೀ ನೀರು.