ಕಾಡನ್ನು ಬಲ್ಲ ಮಕ್ಕಳಿಗೆ ಕಾಡಿನ ವಿಜ್ಞಾನ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ, ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು ತಾಳವಾಡಿಯ ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿಚಾರವನ್ನು ನಿವೇದಿಸಬಯಸುತ್ತೇನೆ.

ಆನೆಗಳ ಅಧ್ಯಯನದಿಂದ ಹೆಸರಾದ ಡಾ. ರಾಮನ್ ಸುಕುಮಾರ್ ಅವರು 1981ರಿಂದ 1983ರವರೆಗೆ ಕ್ಷೇತ್ರಕಾರ್ಯ ನಡೆಸಿದ್ದು ನಮ್ಮ ಸುತ್ತಲಿನ ಚಾಮರಾಜನಗರ-ಸತ್ಯಮಂಗಲ ಅರಣ್ಯಗಳಲ್ಲಿಯೇ. ಹೊಲಕ್ಕೆ ನುಗ್ಗುವುದರಲ್ಲಿ ಹೆಣ್ಣಾನೆಗಳಿಗಿಂತ ಸಲಗಗಳೇ ಮುಂದೆಂಬುದನ್ನು ಅವರು ಎಣಿಸಿ, ಬರೆದು ತೋರಿಸಿದರು. ರಾಗಿ ಹೊಲದ ಅಟ್ಟಣೆಯಲ್ಲಿ ರಾತ್ರಿ ಕಳೆಯುವ ನಮ್ಮ ರೈತನೂ ಸಲಗವನ್ನು ಬಲ್ಲನು. ಆದರೆ ಎಣಿಸಿ ಬರೆದಿಡದ ಅರಿವಿಗೆ ಸರ್ಕಾರದ ಕಡತದಲ್ಲಿ ಬೆಲೆಯಿಲ್ಲ.

ಬಂಡೀಪುರದಲ್ಲಿ 1976ರಿಂದ ಕಾಡುನಾಯಿಗಳನ್ನು ಅಭ್ಯಸಿಸಿದ ದಿವಂಗತ ಡಾ. ಜಾನ್‌ಸಿಂಗ್ ಕಾಲೇಜು ಅಧ್ಯಾಪಕರಾಗಿದ್ದವರು. ನಾಗರಹೊಳೆಯ ಹುಲಿಗಳನ್ನು ಅಭ್ಯಸಿಸಿದ ಡಾ. ಉಲ್ಲಾಸ ಕಾರಂತರು ಇಂಜಿನಿಯರಾಗಿದ್ದವರು. ಬೇರೆ ವೃತ್ತಿಯಿಂದ ಬಂದವರಿಗೆ ತೆರೆದ ಬಾಗಿಲು ನಮ್ಮವರಿಗೇಕೆ ಮುಚ್ಚಿರಬೇಕು? ಹೆಜ್ಜೆ, ಲದ್ದಿಗಳನ್ನು ಗುರುತಿಸಬಲ್ಲ, ಕನ್ನಡ ತಮಿಳು ಎರಡನ್ನೂ ಆಡಬಲ್ಲ ಮಕ್ಕಳು ದಾರಿ ತೋರುವ ದಿನಗೂಲಿಯಲ್ಲಿಯೇ ನಿಲ್ಲುವುದು ನ್ಯಾಯವೇ?

ಈ ವೃತ್ತಿ ಸುಲಭವೆಂದು ನಾನು ಹೇಳಲಾರೆ. ಯೋಜನೆ ಮುಗಿದೊಡನೆ ಸಂಬಳವೂ ನಿಲ್ಲುವುದುಂಟು. ವಿಜ್ಞಾನದ ಪದವಿ, ಸಂಖ್ಯಾಶಾಸ್ತ್ರ, ಇಂಗ್ಲಿಷ್ ಮೂರೂ ಬೇಕು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರೆಗೆ ಹೋಗಲು ಹಣವೂ ಬೇಕು. ಕನ್ನಡ ಮಾಧ್ಯಮದ ಬಡ ಮಗು ಎಡವುವುದು ಇಲ್ಲಿ, ಬುದ್ಧಿಯಲ್ಲಲ್ಲ.

2013ರಲ್ಲಿ ಸತ್ಯಮಂಗಲವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರ ನಿಯಮಗಳು ನಮ್ಮ ಹೊಲದ ಅಂಚಿಗೇ ಬಂದಿವೆ. ಆನೆಯ ನೋವನ್ನೂ ರೈತನ ನಷ್ಟವನ್ನೂ ಒಟ್ಟಿಗೆ ಲೆಕ್ಕಹಾಕುವವರು ನಮ್ಮವರೇ ಆಗಲಿ. ಆದುದರಿಂದ ಮಹೋತ್ಸವ ನಿಧಿಯಿಂದ ಪ್ರತಿವರ್ಷ ವಿಜ್ಞಾನ ಓದುವ ಒಬ್ಬ ವಿದ್ಯಾರ್ಥಿಗಾದರೂ ವೇತನ ನೀಡಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ.