ಒಂದು ದಿನದ ಬೀಗ, ನಾಲ್ಕುನೂರು ಎಕರೆಯ ಬುಲ್ಡೋಜರ್

2025ರ ಮಾರ್ಚ್ 30 ಯುಗಾದಿ. ಮರುದಿನ ರಂಜಾನ್ ಹಬ್ಬ. ಕಚೇರಿಗಳೂ ನ್ಯಾಯಾಲಯಗಳೂ ಬಾಗಿಲು ಹಾಕಿದ್ದ ಆ ಸಾಲು ರಜೆಯ ಮರೆಯಲ್ಲಿ ಹೈದರಾಬಾದಿನ ಕಂಚ ಗಚ್ಚಿಬೌಲಿಯ ಕುರುಚಲು ಕಾಡಿಗೆ ಪೊಲೀಸ್ ಕಾವಲಿನೊಡನೆ ಬುಲ್ಡೋಜರುಗಳು ನುಗ್ಗಿದವು. ಅಡ್ಡ ನಿಂತವರು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಅವರಲ್ಲಿ ಹಲವರನ್ನು ಪೊಲೀಸರು ಎಳೆದು ವಾಹನಕ್ಕೆ ತುಂಬಿ ಠಾಣೆಗೆ ಒಯ್ದರು. ಇಬ್ಬರು ಸೆರೆಮನೆಯನ್ನೂ ಕಂಡರು. ಹಗಲಿರುಳೆನ್ನದೆ ಕೆಲಸ ಸಾಗಿತು. ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು ತಡೆ ನೀಡುವ ಹೊತ್ತಿಗೆ ಸುಮಾರು 100 ಎಕರೆಯ ಹಸುರು ನೆಲಸಮವಾಗಿತ್ತು. ಮರುದಿನವೇ ನೆಲೆ ತಪ್ಪಿದ ಚುಕ್ಕೆ ಜಿಂಕೆಯೊಂದು ಬೀದಿನಾಯಿಗಳ ಬಾಯಿಗೆ ಸಿಕ್ಕಿ ವಿಶ್ವವಿದ್ಯಾಲಯದ ಆವರಣದಲ್ಲಿ ಸತ್ತಿತು.

ಈ ನೆಲದ ಕಥೆಯಲ್ಲಿ ಯಾವ ರಾಜಕೀಯ ಪಕ್ಷಕ್ಕೂ ಶುದ್ಧ ಹಸ್ತವಿಲ್ಲ. 1974ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ 2,300 ಎಕರೆಗೂ ಮೀರಿದ ಭೂಮಿ ಮೀಸಲಾಗಿತ್ತು. ಅದರಿಂದ 400 ಎಕರೆಯನ್ನು ಚಂದ್ರಬಾಬು ನಾಯ್ಡು ಸರ್ಕಾರ ಕ್ರೀಡಾ ಸಂಸ್ಥೆಯೊಂದಕ್ಕೆ ಧಾರೆ ಎರೆಯಿತು. 2006ರಲ್ಲಿ ರಾಜಶೇಖರ ರೆಡ್ಡಿ ಸರ್ಕಾರ ಅದನ್ನು ರದ್ದುಪಡಿಸಿತು. ಸುಮಾರು ಎರಡು ದಶಕ ಕೋರ್ಟು ಕಚೇರಿ ಅಲೆದು 2024ರಲ್ಲಿ ಸರ್ಕಾರ ಗೆದ್ದಿತು. ಗೆದ್ದ ಸರ್ಕಾರ ಮಾಡಿದ ಮೊದಲ ಕೆಲಸವೆಂದರೆ ಅದನ್ನು ಕೈಗಾರಿಕಾ ಮೂಲಸೌಕರ್ಯ ನಿಗಮಕ್ಕೆ ಒಪ್ಪಿಸಿ ಹರಾಜಿಗೆ ಅಣಿಯಾದದ್ದು. ಇಂದು ಕಣ್ಣೀರಿಡುವ ಬಿಆರ್‌ಎಸ್, ತಾನು ಅಧಿಕಾರದಲ್ಲಿದ್ದ 2023ರಲ್ಲಿ ಕೋಕಾಪೇಟೆಯ ಭೂಮಿಯನ್ನು ಎಕರೆಗೆ 100 ಕೋಟಿ ರೂಪಾಯಿಗೆ ಹರಾಜು ಹಾಕಿ ಬೆನ್ನು ತಟ್ಟಿಕೊಂಡಿತ್ತು. ತೆಲಂಗಾಣದ ಬುಲ್ಡೋಜರನ್ನು ಹರಿಯಾಣದ ವೇದಿಕೆಯಿಂದ ಖಂಡಿಸಿದ ಪ್ರಧಾನಿಯವರ ಪಕ್ಷಕ್ಕೆ ಛತ್ತೀಸಗಢದ ಹಸದೇವ್ ಕಾಡಿನ ವಿಷಯದಲ್ಲಿ ಅದೇ ಸ್ವರ ಏಳುವುದಿಲ್ಲ. ಮರ ಬೀಳುವುದು ಎದುರು ಪಕ್ಷದ ರಾಜ್ಯದಲ್ಲಾದರೆ ಮಾತ್ರ ಅದು ಕಾಡು.

ವಿದ್ಯಾರ್ಥಿಗಳು ಘೋಷಣೆ ಕೂಗಿ ಕಾಡನ್ನು ಉಳಿಸಿದರೆಂದು ತಿಳಿಯುವವರು ಅರ್ಧ ಸತ್ಯವನ್ನು ಮಾತ್ರ ತಿಳಿದವರು. ಉಳಿಸಿದ್ದು ಅವರ ಟಿಪ್ಪಣಿ ಪುಸ್ತಕ. ಅಲ್ಲಿಯ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಬೆಳಗಿನ ಜಾವ ದುರ್ಬೀನು ಹಿಡಿದು ಆ ಬಂಡೆಗಳ ನಡುವೆ, ಕೆರೆಗಳ ದಂಡೆಯಲ್ಲಿ ಅಲೆದು, ಯಾವ ಹಕ್ಕಿ ಎಂದು ಬಂತು, ಎಲ್ಲಿ ಗೂಡು ಕಟ್ಟಿತು ಎಂದು ವರ್ಷಗಟ್ಟಲೆ ಬರೆದಿಟ್ಟಿದ್ದರು. ಇನ್ನೂರಕ್ಕೂ ಮೀರಿದ ಪಕ್ಷಿ ಜಾತಿಗಳು, ನವಿಲು, ಚುಕ್ಕೆ ಜಿಂಕೆ, ನಕ್ಷತ್ರ ಆಮೆ, ಹೈದರಾಬಾದಿನ ಹೆಸರನ್ನೇ ಹೊತ್ತ ಒಂದು ಜೇಡ: ಈ ಪಟ್ಟಿ ಪ್ರತಿಭಟನೆಯ ದಿನ ಹುಟ್ಟಿದ್ದಲ್ಲ. ಸರ್ಕಾರವು ಇದು ಕಂದಾಯ ಭೂಮಿ, ಅರಣ್ಯವಲ್ಲ ಎಂದಾಗ ಎದುರಿಗಿಡಲು ಅವರ ಬಳಿ ದಿನಾಂಕ ಸಹಿತ ದಾಖಲೆ ಇತ್ತು. ಕಾಗದದಲ್ಲಿ ಏನೆಂದು ಬರೆದಿದ್ದರೂ ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದು ಕಾಡೇ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ ಗೋದಾವರ್ಮನ್ ಪ್ರಕರಣದಲ್ಲಿ ಹೇಳಿತ್ತು. ವಿದ್ಯಾರ್ಥಿಗಳು ಆ ಮಾತಿಗೆ ಜೀವಂತ ಸಾಕ್ಷ್ಯ ಒದಗಿಸಿದರು.

ಆ ದಿನಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ಕೆಲವು ಚಿತ್ರಗಳೂ ಹರಿದಾಡಿದವು ಎಂಬುದು ನಿಜ. ಅದು ಹೋರಾಟಕ್ಕೆ ಒಳಿತು ಮಾಡಲಿಲ್ಲ. ಸುಳ್ಳು ಜಿಂಕೆಯನ್ನು ತೋರಿಸಿ ನಿಜ ಜಿಂಕೆಯನ್ನೂ ಇಲ್ಲವೆನ್ನಲು ಸರ್ಕಾರಕ್ಕೆ ಅವಕಾಶವಾಯಿತು. ಆದರೆ ಸರ್ವೋಚ್ಚ ನ್ಯಾಯಾಲಯದ ಸೂಚನೆಯಂತೆ ಸ್ಥಳಕ್ಕೆ ಹೋದ ಹೈಕೋರ್ಟಿನ ರಿಜಿಸ್ಟ್ರಾರ್ ತಮ್ಮ ವರದಿಯಲ್ಲಿ ನವಿಲು, ಜಿಂಕೆಗಳನ್ನು ಕಂಡದ್ದಾಗಿ ಬರೆದರು. ಅವರ ಕಣ್ಣಂತೂ ಕೃತಕವಲ್ಲ.

ಇದಕ್ಕೆ ಕೆಲವು ದಿನ ಮುಂಚೆ ಮುಖ್ಯಮಂತ್ರಿ ರೇವಂತ ರೆಡ್ಡಿಯವರು ವಿಧಾನಸಭೆಯಲ್ಲಿ, ಅಲ್ಲಿ ಹುಲಿಯೂ ಇಲ್ಲ, ಜಿಂಕೆಯೂ ಇಲ್ಲ, ಅಭಿವೃದ್ಧಿಗೆ ಅಡ್ಡಗಾಲು ಹಾಕುವ ಕುತಂತ್ರಿ ನರಿಗಳಷ್ಟೇ ಇವೆ ಎಂಬರ್ಥದ ಮಾತನಾಡಿದ್ದರು. ಸದನ ನಕ್ಕಿರಬಹುದು. ಕನ್ನಡ ಜೈನರಿಗೆ ಮಾತ್ರ ನರಿ ಬೈಗುಳದ ಪದವಲ್ಲ. ವಡ್ಡಾರಾಧನೆಯ ಮೊದಲ ಕಥೆಯಲ್ಲಿ ಸುಕುಮಾರಸ್ವಾಮಿಯ ಶರೀರವನ್ನು ತಿಂದ ಹೆಣ್ಣು ನರಿಗೂ ಹಿಂದಿನ ಜನ್ಮದ ನೋವಿದೆ, ಲೆಕ್ಕವಿದೆ, ಜೀವವಿದೆ. ನರಿಯೂ ಪಂಚೇಂದ್ರಿಯ ಜೀವಿ. ಹುಲಿಯಿಲ್ಲದ ಕಾಡಿಗೆ ಬೆಲೆಯಿಲ್ಲ ಎನ್ನುವವನಿಗೆ ಜೀವದ ಗಣನೆ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಪ್ರವಾಸೋದ್ಯಮದ ಗಣನೆ.

ಏಪ್ರಿಲ್ 10ರಂದು, ಸರ್ವೋಚ್ಚ ನ್ಯಾಯಾಲಯದ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಕಂಚ ಗಚ್ಚಿಬೌಲಿಯ ಕೆಡವಿದ ಮರಗಳ ನಡುವೆ ನಡೆಯಿತು. ಅಂದೇ ಮಹಾವೀರ ಜಯಂತಿ. ಹೈದರಾಬಾದ್ ಮಹಾನಗರ ಪಾಲಿಕೆ ವಾಡಿಕೆಯಂತೆ ಕಸಾಯಿಖಾನೆಗಳನ್ನು ಮುಚ್ಚುವಂತೆ ಆದೇಶ ಹೊರಡಿಸಿತ್ತು. ಜೈನ ಸಮಾಜ ಪ್ರತಿವರ್ಷ ಬೇಡುವುದು ಇದನ್ನು, ಸರ್ಕಾರಗಳು ಪ್ರತಿವರ್ಷ ಸಂತೋಷದಿಂದ ಕೊಡುವುದೂ ಇದನ್ನೇ. ಏಕೆ ಕೊಡುವುದಿಲ್ಲ? ಒಂದು ದಿನದ ಬೀಗಕ್ಕೆ ಬೊಕ್ಕಸದಿಂದ ಒಂದು ಕಾಸೂ ಖರ್ಚಿಲ್ಲ. ಹಿಂದಿನ ದಿನ ಎರಡು ದಿನದ ಕೆಲಸ ಮುಗಿಸಿಕೊಂಡರೆ ವ್ಯಾಪಾರಕ್ಕೂ ನಷ್ಟವಿಲ್ಲ. ಬಡಪಾಯಿ ಕಟುಕನೊಬ್ಬನ ಒಂದು ದಿನದ ಕೂಲಿ ಹೋಗುತ್ತದೆ, ಅಷ್ಟೆ. ಅದೇ ಸರ್ಕಾರ ಅದೇ ತಿಂಗಳಲ್ಲಿ ಸಾವಿರಾರು ಜೀವಿಗಳ ಮನೆಯನ್ನು ಕೆಡವಿದರೂ ಆ ಆದೇಶದ ಪ್ರತಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕುವ ಪದಾಧಿಕಾರಿಗಳಿಗೆ ಮುಜುಗರವಾಗುವುದಿಲ್ಲ.

ಆಗಬೇಕಿತ್ತು. ಏಕೆಂದರೆ ಅಹಿಂಸೆಯನ್ನು ಅಡುಗೆಮನೆಯ ವ್ರತವಾಗಿ ಕುಗ್ಗಿಸಿದ್ದು ಆಗಮವಲ್ಲ, ಅನುಕೂಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸಿದ್ದಾರೆ. ಅಲ್ಲಿ ಊಟದ ಮಾತೇ ಇಲ್ಲ. ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಗೆ ಮೀರಿದ ಹೊರೆ ಹೇರುವುದು, ಅನ್ನ ನೀರು ತಡೆಯುವುದು, ಈ ಐದು. ಇನ್ನು 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯ 11ನೆಯ ಕಲಮನ್ನು ತೆರೆದು ನೋಡಲಿ: ಹೊಡೆತ, ಅತಿಭಾರ, ಅಂಗಚ್ಛೇದ, ಅಳತೆಗೆಟ್ಟ ಸರಪಳಿ ಮತ್ತು ಪಂಜರ, ಆಹಾರ ನೀರಿನ ನಿರಾಕರಣೆ. ರುಕ್ಮಿಣೀದೇವಿ ಅರುಂಡೇಲ್ 1953ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯಿಂದ ಮೊಳೆತ ಈ ಕಾಯ್ದೆಯನ್ನು ಓದುವಾಗ ಸೂತ್ರಕ್ಕೆ ಬರೆದ ವ್ಯಾಖ್ಯಾನವನ್ನು ಓದಿದಂತಾಗುತ್ತದೆ. ವ್ಯತ್ಯಾಸವಿರುವುದು ದಂಡದಲ್ಲಿ. ಸೂತ್ರ ಜನ್ಮಾಂತರದ ಮಾತನಾಡುತ್ತದೆ. ಕಾಯ್ದೆ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ ವಿಧಿಸುತ್ತದೆ. ಅರವತ್ತು ವರ್ಷದ ಹಿಂದಿನ 50 ರೂಪಾಯಿ ಇಂದೂ 50 ರೂಪಾಯಿಯೇ. ದಂಡ ಹೆಚ್ಚಿಸುವ ಕರಡು ತಿದ್ದುಪಡಿಯನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿತ್ತು. ಅದಕ್ಕಾಗಿ ಯಾವ ಚಾತುರ್ಮಾಸದ ವೇದಿಕೆಯಿಂದ ಎಷ್ಟು ಪ್ರವಚನಗಳಾದವು ಎಂಬುದನ್ನು ಶ್ರಾವಕರೇ ನೆನಪಿಸಿಕೊಳ್ಳಬಹುದು.

ಸಮಾಜಕ್ಕೆ ಬೀದಿಗಿಳಿಯಲು ಬಾರದು ಎಂದಲ್ಲ. ಅದೇ 2025ರ ಜುಲೈ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ನಾಂದಣಿ ಮಠದ ಆನೆ ಮಹಾದೇವಿಯನ್ನು ಜಾಮನಗರದ ಪುನರ್ವಸತಿ ಕೇಂದ್ರಕ್ಕೆ ಕಳಿಸಲು ಮುಂಬೈ ಹೈಕೋರ್ಟ್ ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಗ ಗಡಿಯ ಎರಡೂ ಬದಿಯ ಊರುಗಳಿಂದ ಸಹಸ್ರಾರು ಜನ ಕೊಲ್ಹಾಪುರಕ್ಕೆ ಮೌನ ಮೆರವಣಿಗೆ ನಡೆಸಿದರು, ಮೊಬೈಲ್ ಕಂಪನಿಯೊಂದನ್ನು ಬಹಿಷ್ಕರಿಸಿದರು. ಮೂರು ದಶಕ ಜೊತೆಗಿದ್ದ ಆನೆಯ ಮೇಲೆ ಭಕ್ತರಿಗಿದ್ದ ಪ್ರೀತಿಯನ್ನು ಹುಸಿಯೆನ್ನಲಾಗದು. ಬೀಳ್ಕೊಡುವಾಗ ಹರಿದ ಕಣ್ಣೀರು ನಾಟಕವಲ್ಲ. ಶ್ರೀಮಂತರ ಖಾಸಗಿ ಪ್ರಾಣಿಸಂಗ್ರಹದ ಬಗ್ಗೆ ಸಂಶಯ ಪಡುವುದೂ ತಪ್ಪಲ್ಲ. ಆದರೂ ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಪ್ರೀತಿಯದ್ದಲ್ಲ, ಆ ಪ್ರಾಣಿಯ ಕಾಲು, ಉಗುರು, ಗಂಟುಗಳ ಸ್ಥಿತಿಯದ್ದು, ಸರಪಳಿಯದ್ದು, ಮೆರವಣಿಗೆಯದ್ದು. ಧಾರ್ಮಿಕ ಬಳಕೆಯ ಹಕ್ಕಿಗಿಂತ ಆನೆಯ ಕ್ಷೇಮದ ಹಕ್ಕು ದೊಡ್ಡದು ಎಂದು ಹೈಕೋರ್ಟ್ ಹೇಳಿದ್ದು ಸೂತ್ರಕಾರರು ಪಟ್ಟಿಯ ಮೊದಲಿಗಿಟ್ಟ ‘ಬಂಧ’ವೆಂಬ ಅತಿಚಾರದ ತಾತ್ಪರ್ಯವನ್ನೇ. ಆ ತೀರ್ಪಿನ ವಿರುದ್ಧ ನಡೆದ ಮೆರವಣಿಗೆ ಯಾವ ಶಾಸ್ತ್ರದ ಪರವಾಗಿತ್ತು?

ಎರಡು ಗುಂಪುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಲಜ್ಜೆಯಾಗುತ್ತದೆ. ಒಂದು ಕಡೆ, ತಮ್ಮದಲ್ಲದ, ತಮಗೆ ಆಶೀರ್ವಾದ ಮಾಡದ, ಮೆರವಣಿಗೆಯಲ್ಲಿ ಅಂಬಾರಿ ಹೊರದ ಜಿಂಕೆಗಳಿಗಾಗಿ ಲಾಠಿಯೇಟು ತಿಂದ ಹುಡುಗ ಹುಡುಗಿಯರು. ಇನ್ನೊಂದು ಕಡೆ, ತಮ್ಮದೆಂಬ ಒಂದೇ ಕಾರಣಕ್ಕೆ ಒಂದು ಆನೆಗಾಗಿ ನಡೆದವರು. ಮಮಕಾರವನ್ನು ದಯೆಯೆಂದು ಕರೆಯುವ ಅಭ್ಯಾಸ ಪರಿಗ್ರಹದ ಅತಿ ಸೂಕ್ಷ್ಮ ರೂಪ.

ಆ ವಿದ್ಯಾರ್ಥಿಗಳಲ್ಲಿ ಬಹುತೇಕರು ಮಾಂಸಾಹಾರಿಗಳು, ಅವರಿಗೆ ಜೀವದಯೆಯ ಮಾತನಾಡುವ ಅಧಿಕಾರವೆಲ್ಲಿಯದು ಎಂಬ ಆಕ್ಷೇಪವನ್ನು ಸಮಾಜದ ಹಿರಿಯರು ಸಲೀಸಾಗಿ ಎತ್ತುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ತಟ್ಟೆಯ ಪ್ರಶ್ನೆ ಅವರನ್ನೂ ಒಂದು ದಿನ ಕೇಳಲಿದೆ. ಆದರೆ ಅದೇ ಅಳತೆಗೋಲನ್ನು ತಿರುಗಿಸಿ ಹಿಡಿದರೆ ಏನಾಗುತ್ತದೆ? ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ, ಆಶಾಧರರು ಖರಕರ್ಮಗಳೆಂದು ಚರ್ಚಿಸಿದ ವೃತ್ತಿಗಳಲ್ಲಿ, ಕಾಡು ಕಡಿದು ಬದುಕುವುದೂ ಕೆರೆ ಬತ್ತಿಸುವುದೂ ಸೇರಿವೆ. ಭೂವ್ಯವಹಾರ, ಗಣಿ, ಕಟ್ಟಡ ನಿರ್ಮಾಣಗಳಲ್ಲಿ ಕೈಯಿರುವ ಶ್ರಾವಕರು ಬೆಂಗಳೂರಿನಲ್ಲಾಗಲಿ ಹೈದರಾಬಾದಿನಲ್ಲಾಗಲಿ ಕಡಿಮೆಯೇನಿಲ್ಲ. ಕೆರೆಯಂಗಳದಲ್ಲಿ ಎದ್ದ ವಸತಿ ಸಮುಚ್ಚಯದ ಲಾಭದಿಂದ ಪಂಚಕಲ್ಯಾಣದ ಹರಾಜು ಕೂಗಿದವನು ಈರುಳ್ಳಿ ತಿನ್ನದಿದ್ದರೆ ಅವನನ್ನು ಯಾರೂ ಪ್ರಶ್ನಿಸುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಬಗೆಯಾಗಿ ಹಿಂಸಾದಾನವನ್ನು ಹೇಳುವಾಗ ಕೊಡಲಿ, ಗುದ್ದಲಿ, ಬೆಂಕಿ, ಸರಪಳಿ ಮುಂತಾದ ಕೊಲೆಗೆ ನೆರವಾಗುವ ಸಲಕರಣೆಗಳನ್ನು ಕೊಡುವುದನ್ನೇ ಹೆಸರಿಸಿದ್ದಾರೆ. ಬಾಡಿಗೆಗೆ ಬಿಟ್ಟ ಬುಲ್ಡೋಜರ್ ಆ ಪಟ್ಟಿಯ ಹೊರಗೆ ಹೇಗೆ ಉಳಿದೀತು?

ತೆಲಂಗಾಣದ ನೆಲ ಕನ್ನಡ ಜೈನರಿಗೆ ಪರಕೀಯವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಹತ್ತನೆಯ ಶತಮಾನದಲ್ಲಿ ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಬರೆಸಿದ ಶಾಸನವಿದೆ. ಜಿನಬಿಂಬಗಳನ್ನು ಕಡೆಸಿದ್ದರ ಜೊತೆಗೆ ಅವನು ಒಂದು ಕೆರೆ, ಒಂದು ವನವನ್ನೂ ಮಾಡಿಸಿದನೆಂದು ಅದು ಹೇಳುತ್ತದೆ. ಬಸದಿಯ ಮಗ್ಗುಲಲ್ಲಿ ನೀರೂ ನೆರಳೂ ಇರಬೇಕೆಂಬುದು ಆ ಕಾಲದ ದಾನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರ ನವಿಲಾಗಿ ಹುಟ್ಟಿದ ಕಥೆಯನ್ನು ಜನ್ನ 1209ರಲ್ಲಿ ಕನ್ನಡಿಸಿದ. ಸಂಕಲ್ಪ ಮಾತ್ರದ ಹಿಂಸೆಗೂ ಅಷ್ಟು ಘೋರ ಫಲವೆಂದು ಪ್ರವಚನಗಳಲ್ಲಿ ಕೇಳಿ ಬೆಳೆದವರು, ನಿಜವಾದ ನವಿಲುಗಳ ನೆಲೆಯನ್ನು ಯಂತ್ರಗಳು ಅಗೆಯುವಾಗ ಅದು ‘ಉದ್ಯೋಗಿ ಹಿಂಸೆ’, ಗೃಹಸ್ಥನಿಗೆ ಅನಿವಾರ್ಯ ಎಂದು ಸಮಾಧಾನ ಹೇಳಿಕೊಳ್ಳುವುದು ಪಾಂಡಿತ್ಯದ ದುರುಪಯೋಗ. ಸಾಲು ರಜೆಯನ್ನು ಕಾದು, ಡಜನುಗಟ್ಟಲೆ ಬುಲ್ಡೋಜರುಗಳನ್ನು ಒಟ್ಟಿಗೆ ಇಳಿಸಿದ್ದು ಮೇಲ್ನೋಟಕ್ಕೆ ಪೂರ್ವಯೋಜಿತವೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಯೋಜಿಸಿ ಮಾಡಿದ್ದಕ್ಕೆ ಸಂಕಲ್ಪವೆಂದೇ ಹೆಸರು.

ಸತ್ತ ಜಿಂಕೆಯ ಪ್ರಕರಣದಲ್ಲಿ ನಾಯಿಗಳನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಆವರಣದ ನಾಯಿಗಳಿಗೆ ಅನ್ನ ಹಾಕುವವರಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ. ಅನ್ನ ಹಾಕಿ ಸಂತಾನಹರಣ, ಲಸಿಕೆಗಳ ಗೊಡವೆಗೆ ಹೋಗದ ದಯೆ ಅರ್ಧಂಬರ್ಧದ್ದು ಎಂದು ಅವರಿಗೂ ಹೇಳಬೇಕಾಗುತ್ತದೆ. 2023ರ ನಿಯಮಗಳು ಆ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ, ಸಂಸ್ಥೆಗಳು ಹಣವಿಲ್ಲವೆನ್ನುತ್ತವೆ. ಗೋಶಾಲೆಗಳಿಗೆ ಕೋಟಿ ಲೆಕ್ಕದಲ್ಲಿ ಕೊಡುವ ಟ್ರಸ್ಟುಗಳಿಗೆ ಒಂದು ಲಸಿಕಾ ವಾಹನ ಭಾರವಾಗದು. ಆದರೆ ನಾಯಿಗೆ ಕೊಟ್ಟ ದಾನದ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸಲು ಗೋಡೆ ಸಿಗುವುದಿಲ್ಲವಲ್ಲ!

ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಚ ಗಚ್ಚಿಬೌಲಿಯ ಕಾಡನ್ನು ಮತ್ತೆ ಬೆಳೆಸುವ ಯೋಜನೆಯನ್ನು ತರುವಂತೆ ತೆಲಂಗಾಣ ಸರ್ಕಾರಕ್ಕೆ ತಿಳಿಸಿತು. ವಿದ್ಯಾರ್ಥಿಗಳ ಮೇಲಿನ ಮೊಕದ್ದಮೆಗಳನ್ನು ಹಿಂಪಡೆಯುವಂತೆ ಉಪಮುಖ್ಯಮಂತ್ರಿಯವರು ಏಪ್ರಿಲ್‌ನಲ್ಲಿಯೇ ಸೂಚಿಸಿದ್ದರು. ಜೈನ ಸಂಘಗಳು ಮಾಡಬಹುದಾದ ಕೆಲಸ ಇದಕ್ಕಿಂತ ಬಹಳ ಹಗುರ. 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿದಯಾ ಸಂಘವೊಂದು ಇರಲೇಬೇಕು. ಬೆಳಗಾವಿ, ಹಾಸನ, ದಕ್ಷಿಣ ಕನ್ನಡ, ಕಾಸರಗೋಡು, ಎಲ್ಲಿಯೇ ಆಗಲಿ, ಆ ಸಂಘ ಕೊನೆಯ ಬಾರಿ ಸಭೆ ಸೇರಿದ್ದು ಎಂದು, ಎಷ್ಟು ದೂರು ದಾಖಲಿಸಿತು, ಅದರಲ್ಲಿ ವಿದ್ಯಾರ್ಥಿ ಸದಸ್ಯರೆಷ್ಟು ಎಂದು ಜಿಲ್ಲಾಧಿಕಾರಿಗಳನ್ನು ಕೇಳಲು ಒಂದು ಹಾಳೆ ಸಾಕು. ಮಹಾವೀರ ಜಯಂತಿಯ ಬೀಗಕ್ಕಾಗಿ ಮನವಿ ಬರೆಯುವ ಅದೇ ಹಾಳೆಯ ಹಿಂಬದಿಯಾದರೂ ಆದೀತು.