ಕಿರಿದಾಗುವ ಚಿತ್ರ

ಅಂತರಜಾಲದಲ್ಲಿ ಹಂಚುವ ಮುನ್ನ ಛಾಯಾಚಿತ್ರದ ಗಾತ್ರವನ್ನು ಕುಗ್ಗಿಸುವುದು ಇಂದಿನ ವಾಡಿಕೆ. ಇದಕ್ಕೆ ಆಧಾರವಾದ ಗಣಿತಕ್ರಮವನ್ನು ಬೆಂಗಳೂರಿನಲ್ಲಿ ಜನಿಸಿದ ನಾಸಿರ್ ಅಹಮದ್ ಅವರು ಇಬ್ಬರು ಸಂಗಡಿಗರೊಡನೆ 1974ರಲ್ಲಿ ಪ್ರಕಟಿಸಿದರು. 1992ರ ಜೆಪೆಗ್ ಪದ್ಧತಿ ಅದನ್ನೇ ಅಳವಡಿಸಿಕೊಂಡಿತು. ಚಿತ್ರವನ್ನು ಉದ್ದಗಲಕ್ಕೆ 8 ಬಿಂದುಗಳ ಚೌಕಗಳಾಗಿ ವಿಂಗಡಿಸಿ, ಕಣ್ಣು ಅಷ್ಟಾಗಿ ಗುರುತಿಸದ ಸೂಕ್ಷ್ಮಗಳನ್ನು ಕೈಬಿಡುವುದೇ ಅದರ ಮರ್ಮ. ಮದುವೆಯೂಟದ ಪಂಕ್ತಿಯ ಚಿತ್ರಕ್ಕೆ ಇದರಿಂದ ಕುಂದೇನೂ ಇಲ್ಲ. ಎಲೆಯ ಮೇಲಿನ ಹೋಳಿಗೆ ಕಾಣಿಸಿದರೆ ಸಾಕಷ್ಟೆ! ಆದರೆ ಸವೆದ ಶಾಸನವೊಂದರ ಚಿತ್ರವನ್ನು ಅತಿಯಾಗಿ ಕುಗ್ಗಿಸಿದರೆ, ಕಲ್ಲಿನ ಮೇಲೆ ಅಷ್ಟಿಷ್ಟು ಉಳಿದಿದ್ದ ಅಕ್ಷರವೂ ಚಿತ್ರದಲ್ಲಿ ಅಳಿಸಿಹೋಗುತ್ತದೆ. ಮತ್ತೆ ಹಿಗ್ಗಿಸಿದರೂ ಅದು ಮರಳಿ ಬಾರದು. ಆದುದರಿಂದ ಕುಗ್ಗಿಸಬೇಕಾದುದು ಪ್ರತಿಯನ್ನೇ ಹೊರತು ಮೂಲವನ್ನಲ್ಲ. ಮುಂದೊಂದು ದಿನ ಆ ಕಲ್ಲೇ ಒಡೆದುಹೋದರೆ, ಓದಲು ಉಳಿಯುವುದು ಮೂಲಚಿತ್ರವೊಂದೇ.